ಡಬಲ್ ಎ, ಡಿ, ಸೈಲೆಂಟ್ ಹೆಚ್

ಹೆಣ್ಣುಮಗುವಿನ ಹೆಸರೇನು ಅಂತ ಈಗ ಕೇಳಿ ನೋಡಿ. ಹೆತ್ತವರು ಹೆಸರು ಹೇಳುವುದಿಲ್ಲ, ಸ್ಪೆಲ್ಲಿಂಗ್ ಹೇಳುತ್ತಾರೆ. “ಆದ್ಯಾ ಅಂತ. ಡಬಲ್ ಎ, ಡಿ, ಆಮೇಲೊಂದು ಹೆಚ್ ಬರುತ್ತೆ, ಆದ್ರೆ ಅದು ಸೈಲೆಂಟು, ವೈ, ಕೊನೇಲಿ ಮತ್ತೆ ಡಬಲ್ ಎ.” ನೀವು ಕೇಳಿದ್ದು ಕೂಸಿನ ಹೆಸರು, ಸಿಕ್ಕಿದ್ದು ವೈಫೈ ಪಾಸ್‌ವರ್ಡು. ಕೂಸು ಮಾತ್ರ ಇದ್ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಬೆರಳು ಚೀಪುತ್ತ ಮಲಗಿರುತ್ತದೆ. ಈ ಏಳಕ್ಷರದ ಪಾಠವನ್ನು ಮುಂದೆ ಬ್ಯಾಂಕು, ಆಸ್ಪತ್ರೆ, ಪಾಸ್‌ಪೋರ್ಟು, ಕೊರಿಯರಿನವನ ಎದುರು ಜೀವಮಾನವಿಡೀ ಒಪ್ಪಿಸಬೇಕಾದವಳು ತಾನೇ ಎಂಬುದು ಅದಕ್ಕೆ ಇನ್ನೂ ತಿಳಿದಿಲ್ಲ.

ಹೆಸರಿನಿಂದ ನಾವು ಬಯಸುವುದು ತುಂಬಾ ಏನಲ್ಲ. ಅದು ಯೂನಿಕ್ ಆಗಿರಬೇಕು, ಟ್ರೆಡಿಷನಲ್ಲೂ ಆಗಿರಬೇಕು. ಮೂಲ ಸಂಸ್ಕೃತವಾಗಿರಬೇಕು, ಅಮೆರಿಕದ ಮ್ಯಾನೇಜರನ ನಾಲಿಗೆಗೂ ಹೊರಳಬೇಕು. ಎರಡೇ ಅಕ್ಷರದ್ದಾಗಿರಬೇಕು, ಅರ್ಥ ಎರಡು ಸಾಲಿನಷ್ಟಿರಬೇಕು. ಅಪ್ಪನ ಹೆಸರಿನ ತಲೆ, ಅಮ್ಮನ ಹೆಸರಿನ ಬಾಲ ಸೇರಿದರೆ ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯ, ಎ ಇಂದ ಶುರುವಾಗಬೇಕು, ಹಾಜರಿ ಪುಸ್ತಕದಲ್ಲಿ ಮಗಳು ಮೊದಲಿರಬೇಕಲ್ಲ! ಹಾಜರಿಯಲ್ಲಿ ಮೊದಲಿರುವವಳನ್ನೇ ಮೌಖಿಕ ಪರೀಕ್ಷೆಗೂ ಮೊದಲು ಕರೆಯುತ್ತಾರೆ ಎಂಬುದು ಆ ಸಂಭ್ರಮದಲ್ಲಿ ಮರೆತುಹೋಗುತ್ತದೆ.

ಇಷ್ಟೆಲ್ಲ ಷರತ್ತು ಹಾಕಿಕೊಂಡು ಊರಿನ ಹೆತ್ತವರೆಲ್ಲ ಅದೇ ಮೊಬೈಲಿನಲ್ಲಿ, ಅದೇ ರಾತ್ರಿ, ಅದೇ ಪಟ್ಟಿ ತಿರುವುತ್ತಾರೆ. ಯಾರಿಗೂ ಹೊಳೆಯದ ಹೆಸರು ಎಲ್ಲರಿಗೂ ಒಟ್ಟಿಗೇ ಹೊಳೆಯುತ್ತದೆ. ಆದ್ಯಾ, ಆನ್ಯಾ, ಆರ್ಯಾ, ಅನ್ವಿ, ಆರ್ವಿ, ಸಾನ್ವಿ, ಶಾನ್ವಿ. ಬೆಂಗಳೂರಿನ ಯಾವುದೇ ಎಲ್‌ಕೆಜಿಯ ಬಾಗಿಲಲ್ಲಿ ನಿಂತು “ಆದ್ಯಾ” ಅಂತ ಕೂಗಿ, ಅರ್ಧ ಸಾಲು ಎದ್ದು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಒಬ್ಬಳಿಗೆ ಒಂದು ಎ, ಇನ್ನೊಬ್ಬಳಿಗೆ ಎರಡು, ಮತ್ತೊಬ್ಬಳಿಗೆ ಹೆಚ್, ಮಗದೊಬ್ಬಳಿಗೆ ವೈ ಬದಲು ಐ. ಕಾಗದದ ಮೇಲೆ ಎಲ್ಲರೂ ಅನನ್ಯರು, ಬಾಯಲ್ಲಿ ಎಲ್ಲರೂ ಒಬ್ಬಳೇ. ಟೀಚರು ಪಾಪ ಏನು ಮಾಡಿಯಾರು? ಉದ್ದ ಆದ್ಯಾ, ಕನ್ನಡಕದ ಆದ್ಯಾ, ಅಳುವ ಆದ್ಯಾ ಅಂತ ಮರುನಾಮಕರಣ ಮಾಡುತ್ತಾರೆ. ತಿಂಗಳುಗಟ್ಟಲೆ ಹುಡುಕಿ ತಂದ ವೈಶಿಷ್ಟ್ಯ ಕೊನೆಗೆ ಒಂದು ಕನ್ನಡಕದಲ್ಲಿ ಬಂದು ನಿಲ್ಲುತ್ತದೆ.

ಹೆಸರಿನ ಫ್ಯಾಷನ್ನಿಗೆ ನಮ್ಮೂರು ಯಾವುದು, ಬೇರೆಯೂರು ಯಾವುದು ಎಂಬ ಗೊಡವೆಯೂ ಇಲ್ಲ. 2011ರಲ್ಲಿ ಮುಂಬಯಿಯ ಬಚ್ಚನ್ ಮನೆಯಲ್ಲಿ ಆರಾಧ್ಯಾ ಹುಟ್ಟಿದಳು, ಆಮೇಲೆ ದೇಶದ ತುಂಬ ಆರಾಧ್ಯೆಯರು ಹುಟ್ಟಿದರು. ಹಳೇ ಮೈಸೂರು ಕಡೆ ಆರಾಧ್ಯ ಅಂದರೆ ಹಣೆಗೆ ವಿಭೂತಿ ಬಳಿದ, ಕಚ್ಚೆಪಂಚೆಯ, ಸಂಸ್ಕೃತ ಕಲಿಸುವ ಗಂಡಸು. ಆ ಹೆಸರಿನ ಮೇಷ್ಟ್ರ ಕೈಲಿ ಏಟು ತಿಂದ ಅಜ್ಜನ ತೊಡೆಯ ಮೇಲೆ ಗುಲಾಬಿ ಫ್ರಾಕಿನ ಮೊಮ್ಮಗಳನ್ನು ಮಲಗಿಸಿ “ಆರಾಧ್ಯಾ ಅಂತ ಕರೀರಿ ತಾತ” ಅಂದರೆ, ಆತ ಅರೆಕ್ಷಣ ಎದ್ದು ನಿಲ್ಲಲು ನೋಡುತ್ತಾನೆ.

ಅಮೆರಿಕದ ಜನ ನಮಗಿಂತ ಒಂದು ಹೆಜ್ಜೆ ಮುಂದೆ. 2000ದಲ್ಲಿ ಸನ್ನಿ ಸ್ಯಾಂಡೊವಲ್ ಎಂಬ ರಾಕ್ ಗಾಯಕ ಎಂಟಿವಿಯಲ್ಲಿ ತನ್ನ ಮಗಳ ಹೆಸರು ‘ನೆವೇಯ’ ಅಂದ, ಹೆವನ್ ಎಂಬ ಪದವನ್ನು ಹಿಂದಿನಿಂದ ಮುಂದಕ್ಕೆ ಬರೆದದ್ದು ಅಂತ ವಿವರಿಸಿದ. ಮರುವರ್ಷವೇ ಅದು ಅಲ್ಲಿನ ಸರ್ಕಾರಿ ಪಟ್ಟಿಯಲ್ಲಿ 266ನೇ ಸ್ಥಾನಕ್ಕೆ ಬಂತು, 2010ರ ಹೊತ್ತಿಗೆ 25ಕ್ಕೆ ಏರಿತು. ಸ್ವರ್ಗವನ್ನು ತಿರುಗಿಸಿದರೆ ಏನಾಗುತ್ತದೆ ಅಂತ ಯಾರೂ ಕೇಳಲಿಲ್ಲ. ಅದನ್ನು ಓದುವುದು ಹೇಗೆ ಅಂತ ಮಾತ್ರ ಎಲ್ಲರೂ ಕೇಳಿದರು.

ನಮ್ಮಲ್ಲಿ ಹೆಸರು ತಿರುಗಿಸುವವರು ಕಡಿಮೆ, ಊದಿಸುವವರು ಜಾಸ್ತಿ. ಆ ಕೆಲಸಕ್ಕೆ ಸಂಖ್ಯಾಶಾಸ್ತ್ರಿಗಳಿದ್ದಾರೆ. ಅವರ ಕೋಷ್ಟಕದಲ್ಲಿ ಎ ಅಂದರೆ 1, ಡಿ ಅಂದರೆ 4, ವೈ ಅಂದರೆ 1. ಎ, ಎ, ಡಿ, ವೈ, ಎ ಎಂದು ಬರೆದ ಆದ್ಯಾಳನ್ನು ಕೂಡಿಸಿದರೆ ಬರುವುದು 8. ಎಂಟು ಶನಿಯ ಅಂಕಿ. ಅಪ್ಪನ ಮುಖ ಬಿಳುಚುತ್ತದೆ. ಗಾಬರಿ ಬೇಡ, ಮಧ್ಯೆ ಒಂದು ಹೆಚ್ ಹಾಕಿ, ಅದರ ಬೆಲೆ 5. ಒಟ್ಟು 13, ಅಂದರೆ ಒಂದು ಕೂಡಿಸು ಮೂರು, ನಾಲ್ಕು. ನಾಲ್ಕು ರಾಹುವಿನದು. ಶನಿಯಿಂದ ತಪ್ಪಿಸಿಕೊಳ್ಳಲು ಹೋಗಿ ರಾಹುವಿನ ಬಾಯಿಗೆ ಬಿದ್ದಂತಾಯಿತು. ಹಾಗಾದರೆ ಕೊನೆಗೆ ಇನ್ನೊಂದು ಎ ಹಾಕಿ. 14, ಅಂದರೆ 5, ಬುಧ. ವಿದ್ಯೆ, ಬುದ್ಧಿ, ವ್ಯಾಪಾರ ಎಲ್ಲ ಬಂತು. ಫೀಸು ಕೊಡಿ.

ತಮಾಷೆ ಇರುವುದು ಇನ್ನು ಮುಂದೆ. ಇದು ‘ಕ್ಯಾಲ್ಡಿಯನ್’ ಪದ್ಧತಿಯ ಲೆಕ್ಕ. ಪಕ್ಕದ ರಸ್ತೆಯಲ್ಲಿ ‘ಪೈಥಾಗೊರಿಯನ್’ ಪದ್ಧತಿಯವರೊಬ್ಬರು ಕೂತಿರುತ್ತಾರೆ. ಅವರ ಕೋಷ್ಟಕದಲ್ಲಿ ಎ ಮತ್ತು ಡಿ ಬೆಲೆ ಅಷ್ಟೇ, ವೈ ಮಾತ್ರ 7. ಅಲ್ಲಿ ಏನೂ ಸೇರಿಸದ ಬರೀ ಆದ್ಯಾಳ ಮೊತ್ತವೇ 14, ಅಂದರೆ 5, ಅದೇ ಬುಧ! ಹೆಚ್ಚುವರಿ ಹೆಚ್, ಹೆಚ್ಚುವರಿ ಎ ಹಾಕಿ ಕೂಡಿಸಿದರೆ 23, ಆಗಲೂ ಐದೇ. ಎರಡಕ್ಷರವನ್ನು ಹಣ ಕೊಟ್ಟು ತಂದದ್ದೂ ಒಂದೇ, ತರದಿದ್ದದ್ದೂ ಒಂದೇ. ಶನಿ ಕೂತಿದ್ದದ್ದು ಮಗುವಿನ ಹೆಸರಿನಲ್ಲಲ್ಲ, ಅಪ್ಪ ತಿರುಗಿಕೊಂಡ ರಸ್ತೆಯಲ್ಲಿ.

ಕ್ಯಾಲ್ಡಿಯನ್ ಎಂಬ ಹೆಸರೇ ಒಂದು ಗಾಂಭೀರ್ಯ ಹುಟ್ಟಿಸುತ್ತದೆ. ಕ್ಯಾಲ್ಡಿಯನ್ನರು ಬ್ಯಾಬಿಲೋನನ್ನು ಆಳಿದ್ದು ಕ್ರಿಸ್ತಪೂರ್ವ ಏಳು-ಆರನೇ ಶತಮಾನದಲ್ಲಿ. ಆ ನಾಡಿನ ಪಂಡಿತರು ಹಸಿ ಮಣ್ಣಿನ ಹಲಗೆಯ ಮೇಲೆ ಮೊಳೆಯಾಕಾರದ ಗುರುತು ಒತ್ತುತ್ತಿದ್ದರು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಮುಖ ಅವರು ಕಂಡವರಲ್ಲ. ಐ ಮತ್ತು ಜೆ ಬೇರೆ ಬೇರೆ ಅಕ್ಷರ ಅಂತ ಯೂರೋಪಿನವರು ಒಪ್ಪತೊಡಗಿದ್ದೇ ಹದಿನಾರನೇ ಶತಮಾನದಿಂದ ಈಚೆಗೆ. ಹೀಗಿದ್ದೂ ಜೆ ಅಕ್ಷರಕ್ಕೆ ಬ್ಯಾಬಿಲೋನಿನ ಋಷಿಗಳು ಎರಡು ಸಾವಿರ ವರ್ಷ ಮುಂಚಿತವಾಗಿ 1 ಎಂಬ ಬೆಲೆ ಗೊತ್ತುಮಾಡಿ ಇಟ್ಟಿದ್ದರು ಅಂತ ನಾವು ನಂಬಬೇಕು. ಈ ಪದ್ಧತಿಯನ್ನು ಜನಪ್ರಿಯ ಮಾಡಿದವನು ಚೀರೋ ಎಂಬ ಹೆಸರಿನಲ್ಲಿ ಕೈ ನೋಡುತ್ತಿದ್ದ, ಐರ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಜಾನ್ ವಾರ್ನರ್. ಅವನು ಸತ್ತದ್ದು 1936ರಲ್ಲಿ, ಹಾಲಿವುಡ್ಡಿನಲ್ಲಿ. ಬ್ಯಾಬಿಲೋನಿನಿಂದ ಬಸವನಗುಡಿಗೆ ಬಂದ ವಿದ್ಯೆ ಹಾಲಿವುಡ್ ಹಾದು ಬಂದಿದೆ ಅಂದಮೇಲೆ ಸ್ವಲ್ಪ ಮೇಕಪ್ ಇರುವುದು ಸಹಜ.

ಅಕ್ಷರಕ್ಕೆ ಅಂಕಿ ಕಟ್ಟುವ ಚಟ ನಮಗೇನೂ ಹೊಸದಲ್ಲ. ಕಟಪಯಾದಿ ಎಂಬ ಪದ್ಧತಿ ನಮ್ಮಲ್ಲೇ ಇತ್ತು. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರು ನಿಂತಿರುವುದೇ ಅದರ ಮೇಲೆ. ಶಂಕರಾಭರಣ 29ನೇ ಮೇಳ. ಆ ಅಂಕಿ ಹೊಂದಲೆಂದು ಅದರ ಹಿಂದೆ ‘ಧೀರ’ ಸೇರಿಸಿದರು: ಧ ಅಂದರೆ 9, ರ ಅಂದರೆ 2, ತಿರುಗಿಸಿದರೆ 29. ಸೇರಿಸಿದ್ದು ಬಾಯಿ ತುಂಬ ಹೇಳಬಹುದಾದ, ಅರ್ಥವಿರುವ ಪದ, ಸೈಲೆಂಟ್ ಹೆಚ್ ಅಲ್ಲ. ಅದೇ ಲೆಕ್ಕ ನಮ್ಮ ಆದ್ಯಾಳಿಗೆ ಹಾಕಿದರೆ ಇನ್ನೊಂದು ಚೆಂದ ಕಾಣುತ್ತದೆ. ಕಟಪಯಾದಿಯಲ್ಲಿ ಸ್ವರಕ್ಕೆ ಸೊನ್ನೆ, ಒತ್ತಕ್ಷರದಲ್ಲಿ ಲೆಕ್ಕಕ್ಕೆ ಬರುವುದು ಕೊನೆಯ ವ್ಯಂಜನ ಮಾತ್ರ. ಆದ್ಯಾ ಬರೆದರೂ ಆಧ್ಯಾ ಬರೆದರೂ ಎಣಿಕೆಗೆ ಸಿಗುವುದು ಯಕಾರ ಒಂದೇ. ಅಂದರೆ ಸ್ವದೇಶಿ ಪದ್ಧತಿಗೆ ಹೋದರೆ ಹೆಚ್ಚಿಗೆ ಹಾಕಿದ ಹೆಚ್‌ಗೆ ಬಿಡಿಗಾಸಿನ ಬೆಲೆ ಇಲ್ಲ. ಬಹುಶಃ ಅದಕ್ಕೇ ಯಾರೂ ಆ ಕಡೆ ಹೋಗುವುದಿಲ್ಲ.

ಇರಲಿ, ಹೆಚ್ ಬಂದಾಯಿತು. ಇಂಗ್ಲಿಷಿನಲ್ಲಿ ಅದು ಸೈಲೆಂಟು, ಕನ್ನಡಕ್ಕೆ ಬಂದ ಕೂಡಲೇ ಬಾಯಿ ಬಿಡುತ್ತದೆ. ಹೆಚ್ ಇದೆಯಾದ್ದರಿಂದ ಕಂಪ್ಯೂಟರು ಅದನ್ನು ‘ಆಧ್ಯಾ’ ಅಂತ ಮಹಾಪ್ರಾಣ ಹಾಕಿ ಅಚ್ಚು ಹೊಡೆಯುತ್ತದೆ. ಆದ್ಯಾ ಅಂದರೆ ಮೊದಲಿನವಳು, ದೇವಿ. ಆಢ್ಯ ಅಂದರೆ ಸಿರಿವಂತ. ಆಧ್ಯಾ ಅಂದರೆ ನಿಘಂಟು ತಲೆ ತಗ್ಗಿಸುತ್ತದೆ. ಕನ್ನಡದ ಬರವಣಿಗೆಯಿಂದ ಮಹಾಪ್ರಾಣವನ್ನೇ ಬಿಡಬಹುದು ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದಾಗ ಸಂಸ್ಕೃತಿ ಹಾಳಾಯಿತೆಂದು ಕೂಗಾಡಿದವರ ಮನೆಯವರೇ, ಸಂಸ್ಕೃತವೇ ಹಾಕದ ಕಡೆ ಮಹಾಪ್ರಾಣ ಹಾಕಿಸಿಕೊಂಡು ಬಂದಿದ್ದಾರೆ. ಅಜ್ಜಿಗೆ ಇದರ ಯಾವ ತೊಂದರೆಯೂ ಇಲ್ಲ. ಅವಳ ನಾಲಿಗೆ ಎಂದೋ ದ-ಧ ಭೇದ ಬಿಟ್ಟಿದೆ. “ಆದ್ಯ, ಬಾ ಮಗ, ಉಣ್ಣು” ಅನ್ನುತ್ತಾಳೆ. ಎರಡು ಎ ಆಗಲಿ, ಹೆಚ್ ಆಗಲಿ ಆ ಕರೆಯಲ್ಲಿ ಇಣುಕುವುದಿಲ್ಲ. ಮಗು ಓಡಿ ಬರುತ್ತದೆ.

ನಾಮಕರಣದ ದಿನ ನೋಡಬೇಕು. ತಟ್ಟೆಯಲ್ಲಿ ಅಕ್ಕಿ ಹರಡಿ ಚಿನ್ನದ ಉಂಗುರದಿಂದ ಹೆಸರು ಬರೆಯುವ ಶಾಸ್ತ್ರ. ಪುರೋಹಿತರು ಕನ್ನಡದಲ್ಲಿ ಎರಡಕ್ಷರ ಗೀಚಿ ಮುಗಿಸಿದರೆ ಮಗುವಿನ ಅಪ್ಪ ಗಾಬರಿಯಿಂದ, “ಸ್ವಾಮಿ, ಇಂಗ್ಲಿಷಲ್ಲಿ ಬರೀರಿ, ನಂಬರ್ ಬರೋದು ಅದರಲ್ಲೇ” ಅನ್ನುತ್ತಾನೆ. ತಟ್ಟೆ ಸಾಲದಾಗುತ್ತದೆ. ಕೊನೆಯ ಎ ನೆಲದ ಮೇಲೆ ಚೆಲ್ಲುತ್ತದೆ, ಜೊತೆಗೆ ಬುಧನೂ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಉಸುರಬೇಕು. ಅವಳು ಬಾಗಿ, ತಲೆಯೆತ್ತಿ, “ಎ ಎಷ್ಟು ಸಲ ಹೇಳಬೇಕು?” ಅಂತ ಕೇಳುತ್ತಾಳೆ.

ಇದಕ್ಕಿಂತ ನಮ್ಮ ಹಳೇ ಜೋಯಿಸರು ವಾಸಿ. ನಕ್ಷತ್ರದ ನಾಲ್ಕು ಪಾದಕ್ಕೆ ನಾಲ್ಕಕ್ಷರ ಅಂತ ಅವರದೂ ಒಂದು ಪಟ್ಟಿ ಇದೆ. ಆರಿದ್ರಾ ನಕ್ಷತ್ರಕ್ಕೆ ಕು, ಘ, ಙ, ಛ. ಮೂರನೇ ಪಾದದಲ್ಲಿ ಹುಟ್ಟಿದ ಕೂಸಿಗೆ ಙಕಾರದಿಂದ ಹೆಸರಿಡಬೇಕು. ವರ್ಣಮಾಲೆಯ ಹೊರಗೆ ಙ ಎಂಬ ಜೀವಿಯನ್ನು ಕಂಡವರೇ ಕಡಿಮೆ. ಜೋಯಿಸರು ತಲೆ ಕೆಡಿಸಿಕೊಳ್ಳಲಿಲ್ಲ. “ಙ ಬಂದರೆ ಗ ಇಟ್ಕೊಳ್ಳಿ” ಅಂತ ಗೀತಳನ್ನೋ ಗಿರಿಜಳನ್ನೋ ಕೈಗಿಟ್ಟರು. ಗ್ರಹಕ್ಕೂ ನಾಲಿಗೆಗೂ ಜಗಳ ಬಂದಾಗ ಅವರು ನಾಲಿಗೆಯ ಪಕ್ಷ ವಹಿಸಿದರು. ಮನುವೂ ಅಷ್ಟೇ. ಹೆಣ್ಣಿನ ವಿಷಯದಲ್ಲಿ ಅವನು ಹೇಳಿದ್ದರಲ್ಲಿ ಒಪ್ಪಲಾಗದ್ದೇ ಹೆಚ್ಚು. ನಕ್ಷತ್ರ, ಮರ, ನದಿಯ ಹೆಸರಿನವಳನ್ನು ಮದುವೆಯಾಗಬಾರದು ಎಂದವನು ಅವನು. ನಮ್ಮ ಮುತ್ತಜ್ಜಿಯರು ಆ ಮಾತನ್ನು ಒಲೆಗೆ ಹಾಕಿ ಊರ ತುಂಬ ರೋಹಿಣಿ, ತುಳಸಿ, ಕಾವೇರಿಯರನ್ನು ಹೆತ್ತು ಮದುವೆಯನ್ನೂ ಮಾಡಿದರು. ಆದರೆ ಎರಡನೇ ಅಧ್ಯಾಯದಲ್ಲಿ ಅವನೇ ಒಂದು ಒಳ್ಳೆಯ ಮಾತು ಆಡಿದ್ದಾನೆ: ಹೆಣ್ಣುಮಕ್ಕಳ ಹೆಸರು ಸುಖವಾಗಿ ಉಚ್ಚರಿಸುವಂತಿರಬೇಕು, ಅರ್ಥ ಸ್ಪಷ್ಟವಾಗಿರಬೇಕು. ಶಾಸ್ತ್ರ ಶಾಸ್ತ್ರ ಎಂದು ಮುಹೂರ್ತದ ನಿಮಿಷ ಎಣಿಸುವವರು ಇಡೀ ಗ್ರಂಥದಲ್ಲಿ ಬಿಟ್ಟದ್ದು ಈ ಒಂದು ಮಾತನ್ನು.

ಹಾಗೆಂದು ಹಳೆಯದೆಲ್ಲ ಚಿನ್ನ ಅಂತ ಮುತ್ತಿಕ್ಕುವ ಅಗತ್ಯವಿಲ್ಲ. ಸಾಲಾಗಿ ಹೆಣ್ಣೇ ಹುಟ್ಟಿದಾಗ ಇನ್ನು ಸಾಕು ಅಂತ ಸಾಕಮ್ಮ ಎಂದು ಕರೆದ ಮನೆಗಳೂ ಇದ್ದವು. ಹುಟ್ಟಿದ್ದೆಲ್ಲ ಸಾಯುತ್ತಿದ್ದಾಗ ಯಮನ ಕಣ್ಣು ತಪ್ಪಿಸಲು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಮ್ಮ ಎಂದರು. ಕರೆಯಲು ಸಲೀಸು, ಹೊರಲು ಭಾರ. ಆಗ ಹೆಸರಿನಲ್ಲಿ ಹೆತ್ತವರ ನಿರಾಶೆ, ಭಯ ಇರುತ್ತಿತ್ತು. ಈಗ ಹೆತ್ತವರ ಶೋಕಿ ಇರುತ್ತದೆ. ಆಗಲೂ ಈಗಲೂ ಮಗುವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಈ ವಿಷಯದಲ್ಲಿ ನಿಜವಾದ ಆಧುನಿಕರು ಹಕ್ಕಿಪಿಕ್ಕಿ ಬುಡಕಟ್ಟಿನವರು. ರಾಮನಗರದ ಬಳಿಯ ಭದ್ರಾಪುರದಂಥ ಅವರ ನೆಲೆಗಳಲ್ಲಿ ಗೂಗಲ್, ಕಾಫಿ, ಹೈಕೋರ್ಟ್, ಮೈಸೂರು ಪಾಕ್ ಎಂಬ ಹೆಸರಿನವರಿದ್ದಾರೆ. ಪೇಟೆಯಿಂದ ಹೋದವರು ಇದನ್ನು ವಿಚಿತ್ರ ಸುದ್ದಿಯೆಂದು ಬರೆದು ನಕ್ಕು ಬಂದರು. ಯೋಚಿಸಿ. ಮೈಸೂರು ಪಾಕ್ ಎಂಬ ಹೆಸರನ್ನು ಎರಡನೇ ಸಲ ಕೇಳುವ ಕ್ಲರ್ಕು ಈ ರಾಜ್ಯದಲ್ಲಿದ್ದಾನೆಯೇ? ಹೈಕೋರ್ಟ್ ಎಂಬುದನ್ನು ತಪ್ಪು ಬರೆಯುವ ಧೈರ್ಯ ಯಾವ ತಹಶೀಲ್ದಾರನಿಗಿದೆ? ಯೂನಿಕ್ ಎಂದರೆ ಇದು. ಒಂದೇ ಒಂದು ಸೈಲೆಂಟ್ ಅಕ್ಷರವಿಲ್ಲದೆ ಸಾಧಿಸಿದ್ದಾರೆ.

ತಪ್ಪು ಪೂರ್ತಿ ಹೆತ್ತವರದೇ ಅನ್ನುವಂತಿಲ್ಲ, ಅವರಿಗೆ ದೊಡ್ಡವರ ಮೇಲ್ಪಂಕ್ತಿ ಇದೆ. ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ 2001ರಲ್ಲಿ ಹೆಸರಿನ ಕೊನೆಗೆ ಇನ್ನೊಂದು ಎ ಸೇರಿಸಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರನ್ನು ಮುಖ್ಯಮಂತ್ರಿ ಮಾಡಿದ್ದೇ ಸಿಂಧುವಲ್ಲ ಎಂದಿತು. ನಮ್ಮ ಯಡಿಯೂರಪ್ಪನವರು 2007ರಲ್ಲಿ ಇಂಗ್ಲಿಷಿನಲ್ಲಿ ಒಂದು ಐ ತೆಗೆದು ಇನ್ನೊಂದು ಡಿ ಹಾಕಿಕೊಂಡರು, 2019ರಲ್ಲಿ ಡಿ ತೆಗೆದು ಐ ವಾಪಸು ತಂದರು. ಎರಡು ಡಿ ಇದ್ದಾಗ ಕುರ್ಚಿ ಬಂತು, ಹೋಯಿತು. ಒಂದೇ ಡಿ ಇದ್ದಾಗಲೂ ಬಂತು, ಹೋಯಿತು. ಕನ್ನಡಿಗರ ಬಾಯಲ್ಲಿ ಅವರು ಎರಡೂ ಕಾಲದಲ್ಲಿ ಯಡಿಯೂರಪ್ಪನವರೇ. ಕುರ್ಚಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಅಂತ ಕಾಣುತ್ತದೆ.

ಆದರೆ ಮುಖ್ಯಮಂತ್ರಿಗೆ ಸ್ಪೆಲ್ಲಿಂಗ್ ಬದಲಿಸುವುದು ಸುಲಭ, ಎಲ್‌ಕೆಜಿ ಮಗುವಿಗೆ ಅಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರು ಸೇರಿಸಲು ಮಾತ್ರ ಕಾನೂನು ಶುಲ್ಕವಿಲ್ಲದೆ ಒಂದು ವರ್ಷದ ಪುರುಸೊತ್ತು ಕೊಟ್ಟಿದೆ. ಸಂಖ್ಯಾಶಾಸ್ತ್ರಿ ಆ ವರ್ಷ ಪೂರ್ತಿ ಬಳಸಿಕೊಳ್ಳುತ್ತಾನೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ, ಸರ್ಕಾರಿ ಕೆಲಸ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಬುಡ. ಬುಡದಲ್ಲಿ ಒಂದು ಎ ಹೆಚ್ಚಾದರೆ ತುದಿಯವರೆಗೂ ಹೆಚ್ಚೇ. ಆಧಾರದಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ. ಶನಿಗೆ ಒಂದು, ರಾಹುವಿಗೆ ಒಂದು, ಅಲ್ಲಿಗೆ ಖರ್ಚಾಯಿತು. ಆಮೇಲೆ ಶಾಲೆಯ ದಾಖಲೆಯಲ್ಲಿ ಹೆಚ್ ಇಲ್ಲ, ಆಧಾರದಲ್ಲಿ ಇದೆ, ಪಾಸ್‌ಪೋರ್ಟಿನವನಿಗೆ ಎರಡೂ ಒಂದೇ ಇರಬೇಕು. ನೋಟರಿ, ಅಫಿಡವಿಟ್ಟು, ಪತ್ರಿಕೆಯಲ್ಲಿ ಜಾಹೀರಾತು. “ಆದ್ಯಾ ಎಂಬ ನಾನು ಇನ್ನು ಮುಂದೆ ಆದ್ಯಾ ಎಂದು ಕರೆಯಲ್ಪಡುತ್ತೇನೆ” ಅಂತ ಕನ್ನಡ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಓದಿದವರು ಹುಡುಗಿಗೆ ಏನೋ ಆಗಿದೆ ಪಾಪ ಅಂದುಕೊಳ್ಳುತ್ತಾರೆ.

ವಿದೇಶದಲ್ಲಿರುವ ಕನ್ನಡಿಗರ ಕಥೆ ಇನ್ನೊಂದು ಬಗೆ. ಅವರು ಬಿಳಿಯರ ನಾಲಿಗೆಗೆ ತೊಂದರೆ ಆಗಬಾರದೆಂದು ಮಾಯಾ, ಅನಿಕಾ, ರಿಯಾ ಎಂದು ಎರಡೂ ದೇಶದಲ್ಲಿ ಚಲಾವಣೆಯಾಗುವ ಹೆಸರು ಆರಿಸುತ್ತಾರೆ. ಅದರಲ್ಲಿ ಒಂದು ವಿವೇಕವಿದೆ, ಕರೆಯುವವರ ಬಾಯಿಯನ್ನಾದರೂ ಅವರು ಯೋಚಿಸಿದ್ದಾರೆ. ಸ್ಟಾರ್‌ಬಕ್ಸ್ ಲೋಟದ ಮೇಲೆ ಹೆಸರು ಸರಿಯಾಗಿ ಬಂದರೆ ಅವರಿಗೆ ಗ್ರೀನ್ ಕಾರ್ಡೇ ಸಿಕ್ಕಷ್ಟು ಸಂತೋಷ. ನಾವು ಊರಲ್ಲೇ ಇದ್ದು, ಪಕ್ಕದ ಮನೆಯವರ ಬಾಯಿಗೂ ನಿಲುಕದಂತೆ ಹೆಸರಿಟ್ಟು, ಅವರು ತಪ್ಪು ಕರೆದಾಗ ಸಿಟ್ಟಾಗುತ್ತೇವೆ.

ಊರುಗಳ ವಿಷಯದಲ್ಲಿ ನಾವು ಜಾಣರಾಗಿದ್ದೆವು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗನ್ನು ಸರ್ಕಾರ ಬದಲಿಸಿತು. ಕನ್ನಡಿಗರು ಹೇಗೆ ಹೇಳುತ್ತಾರೋ ಹಾಗೇ ಇಂಗ್ಲಿಷ್ ಬಗ್ಗಬೇಕು ಎಂಬುದು ಅದರ ಸಾರ. ಬ್ರಿಟಿಷರು ತಿರುಚಿದ್ದನ್ನು ನೇರ ಮಾಡಿದೆವೆಂದು ಧ್ವಜ ಹಾರಿಸಿ, ಭಾಷಣ ಕೇಳಿ, ಚಪ್ಪಾಳೆ ತಟ್ಟಿ ಮನೆಗೆ ಬಂದೆವು. ಬಂದವರೇ ಮೊಬೈಲು ತೆಗೆದು, ಹುಟ್ಟಲಿರುವ ಮಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೆಣೆದು, ಅದನ್ನು ಕನ್ನಡದಲ್ಲಿ ಹೇಗೆ ಬರೆಯೋದು ಅಂತ ಕೇಳತೊಡಗಿದೆವು. ಬ್ರಿಟಿಷರು ಊರು ಹಾಳು ಮಾಡಿದ್ದು ಕೇಳಿಸಿಕೊಳ್ಳಲು ಬಾರದೆ. ನಮ್ಮದು ಹಾಗಲ್ಲ, ಫೀಸು ಕೊಟ್ಟು ಮಾಡಿಸಿಕೊಂಡದ್ದು.

ಹೆಸರಿಡುವ ಮುಂಚೆ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಸಾರು ಕುದಿಯುತ್ತಿರುವಾಗ ಅಡುಗೆಮನೆಯಿಂದ, ಗೇಟಿನಾಚೆ ಆಡುತ್ತಿರುವ ಮಗುವಿಗೆ ಕೇಳುವಂತೆ ಆ ಹೆಸರನ್ನು ಒಂದೇ ಉಸಿರಿನಲ್ಲಿ ಕೂಗಿ. ಆಮೇಲೆ ಸೊಪ್ಪಿನವಳ ಹತ್ತಿರ ಹೇಳಿಸಿ. ಇಬ್ಬರ ಬಾಯಲ್ಲೂ ಒಂದೇ ಹೆಸರು ಹೊರಟರೆ ಇಡಿ. ಇಷ್ಟಾದರೂ ಅಂಕಿ ಕೂಡಿಸದೆ ನಿದ್ದೆ ಬಾರದವರಿಗೆ ಒಂದು ಕಿವಿಮಾತು. ಉತ್ತರದವರಂತೆ ಜಿ, ಎ, ಯು, ಆರ್, ಐ ಎಂದು ಬರೆದ ಗೌರಿ ಅದೇ ಕ್ಯಾಲ್ಡಿಯನ್ ಲೆಕ್ಕದಲ್ಲಿ 13, ಅಂದರೆ 4, ರಾಹು. ನಮ್ಮ ಕಡೆಯ ಹೆಡ್‌ಮಾಸ್ತರರು ತಲೆತಲಾಂತರದಿಂದ ಬರೆದುಕೊಂಡು ಬಂದಂತೆ ಜಿ, ಓ, ಡಬ್ಲ್ಯೂ, ಆರ್, ಐ ಎಂದು ಬರೆದರೆ 19, ಅಂದರೆ 1, ಸಾಕ್ಷಾತ್ ಸೂರ್ಯ. ಯಾವ ಅಕ್ಷರವನ್ನೂ ಕೊಳ್ಳಬೇಕಿಲ್ಲ, ಯಾವುದೂ ಸೈಲೆಂಟಾಗಿಲ್ಲ. ಆದರೆ ಯಾರೂ ಇಡುವುದಿಲ್ಲ ಬಿಡಿ, ಸಲಹೆ ಪುಕ್ಕಟೆ ಸಿಕ್ಕಿತಲ್ಲ.